ಸೂರ್ಯಾಸ್ತಕ್ಕೆ ಮುಗಿಯುವ ಹಂಪಿ

ಹಂಪಿಗೆ ಎಷ್ಟು ಸಲ ಹೋಗಿದ್ದೇನೆಂದು ಲೆಕ್ಕ ಇಟ್ಟಿಲ್ಲ. ಗೈಡ್ ಜೊತೆ ನೋಡಿದ್ದು ಮಾತ್ರ ಒಂದೇ ಸಲ, ಕಳೆದ ಡಿಸೆಂಬರಿನಲ್ಲಿ. ಊರಿನಿಂದ ದೊಡ್ಡಮ್ಮ ಮತ್ತು ಅವರ ಇಬ್ಬರು ಮೊಮ್ಮಕ್ಕಳು ಬಂದಿದ್ದರು. ಹೊಸಪೇಟೆಯಿಂದ ಹೊರಡುವ ಪ್ರವಾಸದ ಬಸ್ಸೊಂದರಲ್ಲಿ ನಾಲ್ಕು ಸೀಟು ಹಿಡಿದೆವು. ಕೈಗೆ ಕೊಟ್ಟ ಚೀಟಿಯಲ್ಲಿ ಆ ದಿನ ನೋಡುವ ಜಾಗಗಳ ಪಟ್ಟಿ ಇತ್ತು: ವಿಜಯವಿಠ್ಠಲ ದೇವಾಲಯ, ಮಹಾನವಮಿ ದಿಬ್ಬ, ಕಮಲ ಮಹಲು, ಆನೆ ಲಾಯ, ಉಗ್ರ ನರಸಿಂಹ, ಸಾಸಿವೆಕಾಳು ಗಣಪ. ಕೊನೆಯಲ್ಲಿ, ದಪ್ಪ ಅಕ್ಷರದಲ್ಲಿ, ‘ಹೇಮಕೂಟದಿಂದ ಸೂರ್ಯಾಸ್ತ’. ವಿರೂಪಾಕ್ಷನ ಗುಡಿ ಅದರ ಕೆಳಗೆ ಕಂಸದೊಳಗಿತ್ತು, ‘ಸಮಯ ಉಳಿದರೆ’ ಎಂಬ ಮಾತಿನ ಜೊತೆ.

ಸಂಶೋಧನೆ ಮಾಡುವವರಿಗೆ ಗೈಡುಗಳ ಬಗ್ಗೆ ಒಂದು ತಾತ್ಸಾರ ಇರುತ್ತದೆ. ನನಗೂ ಇತ್ತು. ಹಂಪಿಯ ಕುರಿತ ಕನ್ನಡದ ಬರಹಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದರೂ ಗೈಡಿನ ಮಾತನ್ನು ನಾನು ಯಾವತ್ತೂ ‘ಬರಹ’ದ ಪಕ್ಕ ಇಟ್ಟು ನೋಡಿರಲಿಲ್ಲ. ಆ ದಿನ ಎಂಟು ಗಂಟೆ ಕಿವಿಗೊಟ್ಟ ಮೇಲೆ ಗೊತ್ತಾಯಿತು: ಹಂಪಿಯ ಬಗ್ಗೆ ಇವತ್ತು ಅತಿ ಹೆಚ್ಚು ಜನ ಕೇಳಿಸಿಕೊಳ್ಳುವ ಕನ್ನಡ ಕೃತಿ ಇದೇ. ಇದಕ್ಕೊಂದು ಕಟ್ಟು ಇದೆ, ಪಲ್ಲವಿ ಇದೆ, ಹರಿಕಥೆಯ ಹಾಗೆ ಕೇಳುಗರಿಂದ ಉತ್ತರ ಹೊರಡಿಸುವ ಉಪಾಯವಿದೆ. “ಬಳ್ಳದಾಗ ಅಳದು ಏನ್ ಮಾರ್ತಿದ್ರು?” ಎಂದು ನಮ್ಮ ಗೈಡ್ ಕೈಯೆತ್ತಿ ಕೇಳಿದರೆ ಬಸ್ಸಿಗೆ ಬಸ್ಸೇ “ಮುತ್ತು!” ಎನ್ನುತ್ತಿತ್ತು. ನಾಲ್ಕನೆಯ ಸಲಕ್ಕೆ ನಾನೂ ಅಂದೆ.

ಅವರ ಕಥನದಲ್ಲಿ ತಪ್ಪು ಹುಡುಕುವ ಆಸೆಯಿಂದ ಕಿವಿ ಚುರುಕು ಮಾಡಿಕೊಂಡು ಹೋದವಳಿಗೆ ನಿರಾಸೆಯೇ ಆಯಿತು. ಕಲ್ಲಿನ ರಥದ ಮುಂದೆ ಅವರು ಎಲ್ಲರ ಕೈಯಲ್ಲೂ ಐವತ್ತರ ನೋಟು ತೆಗೆಸಿದರು. ಫೋಟೋ ಹೊಡೆಯುವ ಗದ್ದಲ ಮುಗಿದ ಮೇಲೆ, ಇದು ರಥವಲ್ಲ, ರಥದ ಆಕಾರದ ಗರುಡನ ಗುಡಿ ಎಂದರು. ಮುಂದಿರುವ ಆನೆಗಳು ಆಮೇಲೆ ತಂದಿಟ್ಟವು, ಹಿಂದೆ ಕುದುರೆಗಳ ಬಾಲ ಇನ್ನೂ ಕಾಣುತ್ತದೆ ನೋಡಿ ಎಂದು ಬೆರಳಿಟ್ಟು ತೋರಿಸಿದರು. ಮೇಲೊಂದು ಇಟ್ಟಿಗೆಯ ಶಿಖರ ಇತ್ತೆಂದೂ ಹೇಳಿದರು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಚಿತ್ರದಲ್ಲಿ ಆ ಶಿಖರ ಸ್ಪಷ್ಟವಾಗಿ ಕಾಣುತ್ತದೆ. ಅದನ್ನು ನಾನು ನೋಡಿದ್ದು ಪಿಎಚ್.ಡಿ.ಯ ಎರಡನೇ ವರ್ಷದಲ್ಲಿ. ಅವರು ನೋಡಿದ್ದು ಯಾವಾಗಲೋ, ಕೇಳಲಿಲ್ಲ.

ಹಾಗಾಗಿ ನನ್ನ ತಕರಾರು ಇಸವಿಗಳ ಬಗ್ಗೆ ಅಲ್ಲ. ಕಥೆ ಎಲ್ಲಿ ಮುಗಿಯುತ್ತದೆ ಎಂಬುದರ ಬಗ್ಗೆ.

ಬೆಳಿಗ್ಗೆ ಬಸ್ಸಿನಲ್ಲಿ 1336, ಹಕ್ಕಬುಕ್ಕರು. ಮಧ್ಯಾಹ್ನ ಮಹಾನವಮಿ ದಿಬ್ಬದ ಮೇಲೆ, ಸೂರ್ಯ ನೆತ್ತಿಗೆ ಬಂದಾಗ, ಕೃಷ್ಣದೇವರಾಯ. ಇಳಿಹೊತ್ತಿಗೆ ಮುರಿದ ನರಸಿಂಹನ ಎದುರು 1565, ರಕ್ಕಸಗಿ–ತಂಗಡಗಿಯ ಕಾಳಗ, ಅಳಿಯ ರಾಮರಾಯನ ತಲೆ. ಆರು ತಿಂಗಳ ಲೂಟಿಯ ಕಥೆ ಹೇಮಕೂಟ ಹತ್ತುತ್ತ ಹತ್ತುತ್ತ. ಬಂಡೆಯ ಮೇಲೆ ಎಲ್ಲರೂ ಪಡುವಣಕ್ಕೆ ಮುಖಮಾಡಿ ಕೂತ ಮೇಲೆ ಗೈಡ್ ದನಿ ತಗ್ಗಿಸಿದರು. ಕೆಂಪು ಬಿಲ್ಲೆಯ ಕೊನೆಯ ಅಂಚು ಬಾಳೆತೋಟಗಳ ಆಚೆ ಇಳಿಯುತ್ತಿದ್ದಂತೆ, “ಅವತ್ತು ಮುಳುಗಿದ್ದು ಹಿಂಗ ನೋಡ್ರಿ, ಮತ್ತ ಏಳಲಿಲ್ಲ. ಇಲ್ಲಿಗೆ ಕಥಿ ಮುಗೀತು” ಎಂದರು. ಪಕ್ಕದಲ್ಲಿದ್ದ ಒಬ್ಬ ಬ್ಯಾಂಕಿನವರು ಕಣ್ಣೊರೆಸಿಕೊಂಡರು. ಸುಳ್ಳು ಯಾಕೆ, ನನ್ನ ಗಂಟಲೂ ಕಟ್ಟಿತು.

ರೂಪದ ಶಕ್ತಿ ಅಂದರೆ ಇದು. ಇನ್ನೂರಕ್ಕೂ ಹೆಚ್ಚು ವರ್ಷದ ರಾಜಕಾರಣವನ್ನು ಒಂದು ಹಗಲಿನ ಅಚ್ಚಿಗೆ ಹೊಯ್ದರೆ ಆಮೇಲೆ ಯಾರೂ ಏನೂ ವಾದಿಸಬೇಕಿಲ್ಲ, ಸೂರ್ಯನೇ ಸಾಕ್ಷಿ ಹೇಳುತ್ತಾನೆ. ಮುಳುಗುವುದು ಸಹಜ, ಮುಳುಗಿದ್ದು ಸುಂದರ, ಅದಕ್ಕೆ ಕಾರಣ ಕೇಳುವ ಹಾಗಿಲ್ಲ. ಆದರೆ ಇತಿಹಾಸ ಹಾಗೆ ಒಂದು ಸಂಜೆಗೆ ಮುಗಿಯಲಿಲ್ಲ. ರಾಮರಾಯನ ತಮ್ಮ ತಿರುಮಲ ಪೆನುಗೊಂಡೆಗೆ ಹೋದ. ಅರವೀಡು ಮನೆತನ ಅಲ್ಲಿಂದ ಚಂದ್ರಗಿರಿಗೆ, ವೆಲ್ಲೂರಿಗೆ ಸರಿಯುತ್ತ ಮುಂದಿನ ಶತಮಾನದಲ್ಲೂ ಆಳಿತು. 1639ರಲ್ಲಿ ಇಂಗ್ಲಿಷರಿಗೆ ಮದ್ರಾಸಿನ ನೆಲ ಕೊಟ್ಟ ನಾಯಕರು ಆಳುತ್ತಿದ್ದುದು ವಿಜಯನಗರದ ಅರಸನ ಕೈಕೆಳಗೇ. ಇವೆಲ್ಲ ಹೇಮಕೂಟದ ಬಂಡೆಯಿಂದ ಕಾಣುವುದಿಲ್ಲ, ಸರಿ. ಆದರೆ ಬಂಡೆಯ ಮೇಲೇ ಇರುವುದು? ನಾವು ಒರಗಿ ಕೂತಿದ್ದ ಗುಡಿಗಳು, ಮೂರು ಗರ್ಭಗುಡಿಗಳ, ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುವ ಶಿಖರದ ಆ ಕಲ್ಲಿನ ಗುಡಿಗಳು, ಹೆಚ್ಚಿನವು ವಿಜಯನಗರ ಹುಟ್ಟುವುದಕ್ಕೂ ಮುಂಚಿನವು. ಒಂದರಲ್ಲಿ ಕಂಪಿಲರಾಯನ ಶಾಸನವಿದೆ. ಸಾಮ್ರಾಜ್ಯದ ಅಂತ್ಯದ ಕಥೆಯನ್ನು ನಾವು ಕೇಳಿದ್ದು ಅದರ ಆರಂಭಕ್ಕಿಂತ ಹಳೆಯದಾದ ಗೋಡೆಗೆ ಬೆನ್ನು ಕೊಟ್ಟು.

ಇದಕ್ಕೆ ಗೈಡನ್ನು ದೂರುವುದು ಸುಲಭ, ಆದರೆ ಅನ್ಯಾಯ. ಈ ಸೂರ್ಯಾಸ್ತವನ್ನು ಅವರು ಕಂಡುಹಿಡಿದದ್ದಲ್ಲ. 1900ರಲ್ಲಿ ರಾಬರ್ಟ್ ಸಿವೆಲ್ ತನ್ನ ಪುಸ್ತಕಕ್ಕೆ ‘ಮರೆತುಹೋದ ಸಾಮ್ರಾಜ್ಯ’ ಎಂದು ಹೆಸರಿಟ್ಟ. ಯಾರು ಮರೆತದ್ದು ಎಂದು ಆಗ ಯಾರೂ ಕೇಳಿದಂತಿಲ್ಲ. ಚೈತ್ರದಲ್ಲಿ ತೇರು ಎಳೆಯಲು ಬರುತ್ತಿದ್ದವರನ್ನು ಕೇಳಬಹುದಿತ್ತು. ನಮ್ಮ ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದಾಗ ಆ ಹಾಳನ್ನು ಬೇರೆ ಕೆಲಸಕ್ಕೆ ಹೂಡಿದರು. ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ಒಟ್ಟಿಗೆ ಕೂತು ಅಳಲು ಒಂದು ಜಾಗ ಬೇಕಿತ್ತು. ಅಳು ಮುಗಿದ ಮೇಲೆ ಎದ್ದು ಒಂದಾಗಬೇಕಿತ್ತು. ‘ಹಾಳು ಹಂಪೆ’ ಎಂಬ ಜೋಡಿಪದ ನಮ್ಮ ನಾಲಿಗೆಗೆ ಅಂಟಿದ್ದರ ಹಿಂದೆ ಇಂಥ ಬರಹಗಳ ಪಾಲು ದೊಡ್ಡದು. ಆ ದುಃಖಕ್ಕೆ ಅವತ್ತು ಗುರಿ ಇತ್ತು. 1956ರಲ್ಲಿ ರಾಜ್ಯ ಒಂದಾದ ಮೇಲೂ ದುಃಖ ಹಾಗೇ ಉಳಿದು, ಗುರಿ ಮಾತ್ರ ಕಳಚಿಬಿದ್ದು, ಈಗ ಟಿಕೆಟ್ಟಿನ ಜೊತೆ ಸಿಗುವ ಒಂದು ಅನುಭವವಾಗಿದೆ ಎಂಬುದು ನನ್ನ ಅನುಮಾನ. ಗುರಿ ಕಳಚಿದ ದುಃಖಕ್ಕೆ ಹೊಸ ಗುರಿ ಹಚ್ಚುವವರೂ ಬಂದೇ ಬರುತ್ತಾರೆ. 1565ನ್ನು ಎರಡು ಧರ್ಮಗಳ ಕಾಳಗವೆಂದಷ್ಟೇ ಹೇಳುವ ಆವೃತ್ತಿಗೆ ಈ ಸೂರ್ಯಾಸ್ತ ಹೇಳಿ ಮಾಡಿಸಿದ ಹಿನ್ನೆಲೆ. ಗಿರೀಶ ಕಾರ್ನಾಡರು ತಮ್ಮ ಕೊನೆಯ ನಾಟಕ ‘ರಾಕ್ಷಸ ತಂಗಡಿ’ಯಲ್ಲಿ ಇದೇ ಯುದ್ಧವನ್ನು ಪಟ್ಟ ದಕ್ಕದ ಅಳಿಯನೊಬ್ಬನ ಅಹಂಕಾರದ, ಮನೆತನದ ಕೀಳರಿಮೆಯ, ಸುಲ್ತಾನರ ಜೊತೆಗಿನ ಬಾಂಧವ್ಯ ಮತ್ತು ಮೋಸದ ಕಥೆಯಾಗಿ ಬಿಡಿಸಿದ್ದಾರೆ. ಅಲ್ಲಿ ಯಾರೂ ಸೂರ್ಯನ ಹಾಗೆ ಮುಳುಗುವುದಿಲ್ಲ, ಮನುಷ್ಯರ ಹಾಗೆ ಎಡವುತ್ತಾರೆ. ಇನ್ನು ಕಮಲಾಪುರದಿಂದ ತಳವಾರಘಟ್ಟದ ಕಡೆ ಹೋಗುವ ದಾರಿಯಲ್ಲಿ 1439ರಲ್ಲಿ ಇಮ್ಮಡಿ ದೇವರಾಯನ ಅಧಿಕಾರಿ ಅಹ್ಮದ್ ಖಾನ್ ಕಟ್ಟಿಸಿದ ಮಸೀದಿಯಿದೆ. ಅದರ ಕನ್ನಡ ಶಾಸನ ಅದನ್ನು ಧರ್ಮಸಾಲೆ ಎಂದು ಕರೆಯುತ್ತದೆ. ಬಸ್ಸು ಅಲ್ಲಿ ನಿಲ್ಲಲಿಲ್ಲ. ಚೀಟಿಯಲ್ಲಿ ಇರಲಿಲ್ಲ.

ಇಳಿಯುವಾಗ ಗೈಡಿಗೆ ಕೇಳಿದೆ, ಹರಿಹರನ ಬಗ್ಗೆ ಹೇಳಲೇ ಇಲ್ಲವಲ್ಲ ಎಂದು. “ಹೇಳಿದ್ನಲ್ರೀ ಮೇಡಂ, ಹಕ್ಕ ಅಂದ್ರ ಹರಿಹರನೇ” ಎಂದರು. ನಗು ಬಂತು, ಆಮೇಲೆ ಬರಲಿಲ್ಲ. ಒಂದೇ ಹೆಸರಿನ ಅರಸ ಬಂದು ಕವಿಯನ್ನು ಎಷ್ಟು ಪೂರ್ತಿಯಾಗಿ ಮುಚ್ಚಿಬಿಟ್ಟ! ಹಂಪೆಯ ಹರಿಹರ ಎಂದು ಊರಿನ ಹೆಸರನ್ನೇ ಹೊತ್ತ ಕವಿ, ವಿಜಯನಗರಕ್ಕೆ ನೂರು ವರ್ಷಕ್ಕೂ ಮುಂಚೆ ಇಲ್ಲಿ ಬದುಕಿದವನು. ಹೊಯ್ಸಳರ ಊರಿನಲ್ಲಿ ಕರಣಿಕನಾಗಿದ್ದು ಬಿಟ್ಟು ಬಂದ ಎಂದು ಪರಂಪರೆ ಹೇಳುತ್ತದೆ. ವಿರೂಪಾಕ್ಷನನ್ನೂ ಶರಣರನ್ನೂ ಹಾಡಿದ ಈ ಕವಿ ರಾಜರನ್ನು ಹೊಗಳಲು ಒಪ್ಪಲಿಲ್ಲ. ಮನುಷ್ಯನ ಮೇಲೆ ಕಾವ್ಯ ಬರೆದನೆಂದು ಸೋದರಳಿಯ ರಾಘವಾಂಕನ ಹಲ್ಲನ್ನೇ ಉದುರಿಸಿದ ಕಥೆ ಕನ್ನಡ ಓದಿದವರಿಗೆಲ್ಲ ಗೊತ್ತು. ಅಂಥವನ ಊರಿನಲ್ಲಿ ಇವತ್ತು ಬೆಳಗಿನಿಂದ ಸಂಜೆಯವರೆಗೆ ರಾಜರದ್ದೇ ಹಾಡು.

ಹರಿಹರನ ‘ಪುಷ್ಪರಗಳೆ’ಯನ್ನು ಈ ಪ್ರವಾಸದ ಪಕ್ಕದಲ್ಲಿಟ್ಟು ಓದಬೇಕು. ಅದು ಬೆಳಗಿನ ಹಂಪಿ. ಕತ್ತಲಿರುವಾಗಲೇ ಎದ್ದು ಬುಟ್ಟಿ ಹಿಡಿದು ಹೂದೋಟಕ್ಕೆ ಹೋಗುವುದು, ಒಂದೊಂದು ಹೂವನ್ನೂ ಮಗುವಿನ ಹಾಗೆ ಮಾತಾಡಿಸುತ್ತ, ನೋವಾಗದಂತೆ ಬಿಡಿಸುವುದು, ಮಾಲೆ ಕಟ್ಟಿ ವಿರೂಪಾಕ್ಷನಿಗೆ ಏರಿಸುವುದು. ಇಷ್ಟೇ ಅದರ ವಸ್ತು. ಅಲ್ಲಿ ನೋಡುವ ಸ್ಥಳವೇ ಇಲ್ಲ, ಮಾಡುವ ಕೆಲಸ ಇದೆ. ಕೆಲಸ ನಾಳೆ ಬೆಳಿಗ್ಗೆ ಮತ್ತೆ ಇರುವುದರಿಂದ ಅದಕ್ಕೆ ಅಂತ್ಯವೂ ಇಲ್ಲ. ಭಕ್ತಿ ನನ್ನ ಮನೆಯ ವ್ಯವಹಾರವಲ್ಲ, ಆದ್ದರಿಂದ ಇದನ್ನು ಭಕ್ತಿಯ ಪರವಾಗಿ ಹೇಳುತ್ತಿಲ್ಲ. ಒಂದು ಊರನ್ನು ಕಾಣುವ ಕ್ರಮ ಎಂದು ಹೇಳುತ್ತಿದ್ದೇನೆ.

ಸಂಜೆಯನ್ನೇ ಬೇಕೆನ್ನುವವರಿಗೆ ಇನ್ನೊಂದು ಸಂಜೆಯೂ ಇದೆ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಇಲ್ಲಿನ ಒಂದು ಅಗಲವಾದ ಬೀದಿಯನ್ನು ವರ್ಣಿಸುತ್ತಾನೆ. ಅಲ್ಲಿ ಮಾಣಿಕ್ಯ, ವಜ್ರ, ಮುತ್ತು ಇವೆ, ಗೈಡುಗಳ ಪಾಲಿನ ಪುಟ ಅಷ್ಟೇ. ಆದರೆ ಅವನ ಮಾತು ಅಲ್ಲಿ ನಿಲ್ಲುವುದಿಲ್ಲ. ದಿನಾ ಸಂಜೆ ಆ ಬೀದಿಯಲ್ಲಿ ಸಂತೆ ನೆರೆಯುತ್ತದೆ ಎನ್ನುತ್ತಾನೆ. ಸಾಧಾರಣ ಕುದುರೆ, ತಟ್ಟು, ನಿಂಬೆ, ಕಿತ್ತಳೆ, ದ್ರಾಕ್ಷಿ, ತೋಟದ ಕಾಯಿಪಲ್ಲೆ, ಕೊನೆಗೆ ಸೌದೆ ಕೂಡ ಮಾರಾಟಕ್ಕಿವೆ. ಮುತ್ತು ಅಳೆದ ಬಳ್ಳ ನಮಗೆ ಬಾಯಿಪಾಠವಾಯಿತು, ಸೌದೆ ಮಾರಿದವಳು ಮರೆತುಹೋದಳು. ಹಂಪಿಯ ಸಂಜೆ ಎಂದರೆ ಒಲೆ ಹೊತ್ತಿಸಲು ಮನೆಗೆ ಸೌದೆ ಒಯ್ಯುವ ಹೊತ್ತು ಎಂದು ಪೇಸ್‌ಗೆ ಗೊತ್ತಿತ್ತು.

ದೊಡ್ಡಮ್ಮನಿಗೂ ಗೊತ್ತಿತ್ತು ಎನಿಸುತ್ತದೆ. ಬೆಳಗಿನಿಂದ ಅವರು ಗೈಡಿಗೆ ಕೇಳಿದ್ದು ಒಂದೇ ಪ್ರಶ್ನೆ: “ಗುಡಿ ಬಾಗ್ಲು ಎಷ್ಟೊತ್ತಿಗೆ ಹಾಕ್ತಾರಪ್ಪಾ?” ಹೇಮಕೂಟದ ಮೇಲೆ ನಾವೆಲ್ಲ ಮೊಬೈಲು ಹಿಡಿದು ಪಡುವಣಕ್ಕೆ ತಿರುಗಿದ್ದಾಗ ಅವರು ಹಿರಿಯ ಮೊಮ್ಮಗಳ ಭುಜ ಹಿಡಿದು ಗುಡಿಯ ಕಡೆ ಇಳಿದುಬಿಟ್ಟಿದ್ದರು. ಮುಳುಗಿತು ಎಂದು ಗೈಡ್ ಹೇಳಿದ ಒಂದೆರಡು ನಿಮಿಷಕ್ಕೆ ಕೆಳಗೆ ಗಂಟೆ ಬಾರಿಸಿತು. ಯಾರೂ ತಿರುಗಲಿಲ್ಲ. ನಾನು ತಿರುಗಿದ್ದು ದೊಡ್ಡಮ್ಮ ಎಲ್ಲಿ ಎಂಬ ಗಾಬರಿಗೆ. ಬಡಗಣಕ್ಕೆ ಗುಡಿ, ಮೂಡಣಕ್ಕೆ ಬಸವಣ್ಣನವರೆಗೂ ಚಾಚಿದ ಬಜಾರು. ಸೂರ್ಯನನ್ನು ನೋಡಬೇಕಾದರೆ ಬಜಾರಿಗೆ ಬೆನ್ನು ಹಾಕಿಯೇ ಕೂರಬೇಕು. ಅಲ್ಲಿಯವರೆಗೆ ಇದು ಹೊಳೆದಿರಲಿಲ್ಲ.

ಬೆಟ್ಟ ಇಳಿದು ಅವರನ್ನು ಹುಡುಕುತ್ತ ಹೋಗುವಾಗ ಗೈಡೂ ಜೊತೆಗೆ ಬಂದರು. ಬಜಾರಿನ ಸಾಲು ಮಂಟಪಗಳು ಖಾಲಿಯಾಗಿ ನಿಂತಿದ್ದವು. ಒಂದರ ಮುಂದೆ ಅವರ ನಡಿಗೆ ನಿಧಾನವಾಯಿತು. “ಇದ್ರಾಗ ನಮ್ಮ ಅಂಗಡಿ ಇತ್ರಿ. ಹಿಂದ ಮನಿ. ಮೂರು ತಲಿಮಾರು” ಎಂದರು. 2011ರ ಜುಲೈನಲ್ಲಿ ಸ್ಮಾರಕ ಉಳಿಸುವ ಹೆಸರಿನಲ್ಲಿ ಬಜಾರಿನ ಮನೆ, ಅಂಗಡಿಗಳನ್ನು ಕೆಡವಿದ್ದು, ಅಲ್ಲಿದ್ದವರಿಗೆ ಕಡ್ಡಿರಾಂಪುರದ ಬಳಿ ಜಾಗ ಕೊಟ್ಟದ್ದು ನನಗೆ ಓದಿ ಗೊತ್ತು. ಕಂಬಗಳ ನಡುವೆ ಗೋಡೆ ಎಬ್ಬಿಸಿ ಬದುಕುವುದು ಸರಿಯಿತ್ತೆ ಎಂಬ ಪ್ರಶ್ನೆಗೆ ಎರಡೂ ಕಡೆ ವಾದಗಳಿವೆ. ಸ್ಮಾರಕದ ಕಡೆಯ ವಾದ ಹುಸಿಯೆಂದು ನಾನು ಹೇಳಲಾರೆ. ಆದರೆ ಹಂಪಿ ಎರಡು ಸಲ ಖಾಲಿಯಾಗಿದೆ. ಎರಡನೆಯದಕ್ಕೆ ಯಾರೂ ಸೂರ್ಯಾಸ್ತ ಏರ್ಪಾಡು ಮಾಡಿಲ್ಲ.

“ಇದನ್ನ ಯಾಕ್ ಹೇಳೂದಿಲ್ಲ ನೀವು?” ಎಂದು ಕೇಳಿದೆ.

“ಅದು ನಮ್ಮನಿ ಮಾತಲ್ರೀ. ಹಿಸ್ಟರಿ ಅಲ್ಲ.”

ಅಷ್ಟು ಹೊತ್ತಿಗೆ ದೊಡ್ಡಮ್ಮ ಎದುರಿಗೆ ಬಂದರು. ಮಂಗಳಾರತಿ ಸಿಕ್ಕಿತ್ತು, ಖುಷಿಯಲ್ಲಿದ್ದರು. ಬಾಳೆಹಣ್ಣಿನ ಪ್ರಸಾದ ಮುರಿದು ನನಗೊಂದು ತುಂಡು, ಗೈಡಿಗೊಂದು ತುಂಡು ಕೊಟ್ಟು, “ಮೇಲೆ ಏನ್ ನೋಡಿದ್ರಿ?” ಎಂದು ಕೇಳಿದರು. ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದ.

ನನ್ನ ಪ್ರಬಂಧದ ಮೊದಲ ಅಧ್ಯಾಯದ ಹೆಸರು ‘ಅಸ್ತಮಾನದ ಕಥನಗಳು’ ಎಂದಿತ್ತು. ಸಿವೆಲ್‌ನಿಂದ ಶುರುವಾಗಿ ಆಲೂರರ ಮೂಲಕ ಹಾದು ಬರುತ್ತಿತ್ತು. ಮಾರ್ಗದರ್ಶಕರು ಚೆನ್ನಾಗಿದೆ ಎಂದಿದ್ದರು. ಹೆಸರು ಹೊಡೆದುಹಾಕಿ, ಹರಿಹರನನ್ನು ಮುಂದೆ ತಂದು, ಗೈಡಿನ ಮಾತನ್ನು ಬರೆದುಕೊಂಡ ಹದಿನಾಲ್ಕು ಪುಟಗಳನ್ನು ಸೇರಿಸಿ ಮತ್ತೆ ಕಳಿಸಿದ್ದೇನೆ. ಹೊಸ ಹೆಸರು ಇನ್ನೂ ಹೊಳೆದಿಲ್ಲ.