ಡೈರೆಕ್ಟ್ ಮಾಡಿದ ಫ್ಯಾನು

60 ಸಾವಿರಕ್ಕೆ ಹಳೇ ಮಾರುತಿ 800 ತಗೊಳ್ತೀನಿ ಅಂತ ಬಾಯಿ ಬಿಟ್ಟು ನೋಡಿ. ‘ಗ್ಯಾರೇಜಿನವನಿಗೆ ಮನೆ ಕಟ್ಟಿಸಿಕೊಡ್ತೀಯಾ? ಸಾಲ ಮಾಡಿಯಾದ್ರೂ ಹೊಸದೇ ತಗೋ’ ಎನ್ನದ ನೆಂಟರು ಸಿಗುವುದು ಕಷ್ಟ. ಕಾಳಜಿಯ ಮಾತೇ, ಒಪ್ಪೋಣ. ಆದರೆ ಅದರ ಲೆಕ್ಕ ಅರ್ಧಕ್ಕೇ ನಿಂತಿದೆ.

ರಿಪೇರಿಯ ಬಿಲ್ಲು ಕೈಗೆ ಬರುತ್ತದೆ, ಮೈ ಉರಿಯುತ್ತದೆ. ಹೊಸ ಕಾರಿನ ಬೆಲೆ ಇಳಿಯುವುದಕ್ಕೆ ಯಾರೂ ಬಿಲ್ಲು ಕೊಡುವುದಿಲ್ಲ. ವಿಮೆಯ ಕಾಗದದಲ್ಲಿ ಐಡಿವಿ (ವಿಮೆಗೆ ಹಿಡಿಯುವ ಕಾರಿನ ಬೆಲೆ) ಎಂಬ ಕಾಲಮ್ಮನ್ನೊಮ್ಮೆ ಓದಿ. ಅದಕ್ಕೆ ಬಳಸುವ ಸವಕಳಿ ಪಟ್ಟಿಯಲ್ಲಿ ಆರು ತಿಂಗಳು ದಾಟಿದರೆ ಶೇ. 15, ನಾಲ್ಕು ವರ್ಷ ದಾಟಿದರೆ ಶೇ. 50. ಆರು ಲಕ್ಷದ ಕಾರಿಗೆ ಐದು ವರ್ಷದಲ್ಲಿ ಮೂರು ಲಕ್ಷ ಖೋತಾ. ತಿಂಗಳಿಗೆ ಐದು ಸಾವಿರ, ಕಾರು ಶೆಡ್ಡಿನಲ್ಲೇ ನಿಂತಿದ್ದರೂ. ಸಾಲದ ಬಡ್ಡಿ ಬೇರೆ.

‘ಹಳೇದು ಎಲ್ಲಿ ಬೇಕಾದ್ರೂ ಕೈಕೊಡುತ್ತೆ’ ಎಂಬುದು ಇನ್ನೊಂದು ಮಾತು. ನಿಜ, ಆದರೆ ಕೈಕೊಡುವುದಕ್ಕೆ ವಯಸ್ಸೊಂದೇ ಕಾರಣವಲ್ಲ. ರೇಡಿಯೇಟರ್ ನೀರು ಬಿಸಿಯಾದಾಗ ಫ್ಯಾನು ಹಾಕುವುದಕ್ಕೆ ಪುಟ್ಟದೊಂದು ಸ್ವಿಚ್ಚಿರುತ್ತದೆ. ಅದು ಕೆಟ್ಟರೆ ಹೊಸದು ಹಾಕಬೇಕು. ಬದಲಿಗೆ ಎರಡು ವೈರು ಜೋಡಿಸಿ, ‘ಡೈರೆಕ್ಟ್ ಮಾಡಿದೀನಿ ಸಾರ್, ಇನ್ನೇನೂ ತೊಂದ್ರೆ ಇಲ್ಲ’ ಎನ್ನುತ್ತಾರೆ. ಸಾರ್‌ಗೂ ದುಡ್ಡು ಉಳಿದ ಖುಷಿ. ಅಲ್ಲಿಂದ ಮುಂದೆ ಕೀ ತಿರುಗಿಸಿದಾಗಲೆಲ್ಲ ಫ್ಯಾನು ಓಡುತ್ತದೆ, ಬೇಕಿರಲಿ, ಬೇಡದಿರಲಿ. ಬ್ಯಾಟರಿ ಬಳಲುತ್ತದೆ, ಫ್ಯಾನಿನ ಮೋಟಾರು ಸವೆಯುತ್ತದೆ. ಒಂದು ದಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಅದು ನಿಂತು, ನೀರು ಕುದಿದು, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಹೆಡ್ಡು ಬಿಚ್ಚಿ ಲೇತ್‌ಗೆ ಕಳಿಸಬೇಕು. ಮಾಲೀಕರು ಬೇಸತ್ತು ಮಾರುತ್ತಾರೆ, ಕೊಂಡವರು ಕಾರನ್ನು ಬೈಯುತ್ತಾರೆ. ಅಗ್ಗಕ್ಕೆ ಕೊಂಡದ್ದಕ್ಕೆ ಅಗ್ಗದ ರಿಪೇರಿಯೇ ಸಾಕು ಎಂಬ ಬುದ್ಧಿಯನ್ನು ಮಾತ್ರ ಯಾರೂ ಬೈಯುವುದಿಲ್ಲ.

800ರ ತಯಾರಿಕೆ 2014ಕ್ಕೇ ನಿಂತಿತು. ಬೆಂಗಳೂರಿನಲ್ಲಿ ಮಾರಾಟ ನಿಂತದ್ದು 2010ರಲ್ಲೇ. ಆದರೂ ಜೆ.ಸಿ. ರಸ್ತೆಯಲ್ಲಿ ಅದರ ಬಿಡಿಭಾಗಗಳಿಗೆ ಬರವಿಲ್ಲ. ಇನ್ನು 15 ವರ್ಷ ತುಂಬಿದ ಮೇಲೆ ಆರ್‌ಸಿ ನವೀಕರಣ: 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000ಕ್ಕೆ ಏರಿತು. ಇದನ್ನೂ ಸೇರಿಸಿಯೇ ಲೆಕ್ಕ ಹಾಕಿ, ಹಳೇದು ಸೋಲುವುದಿಲ್ಲ.

ಸೋಲುವುದು ಸುರಕ್ಷತೆಯಲ್ಲಿ. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಇದಕ್ಕೆ ನನ್ನಲ್ಲಿ ಉತ್ತರವೂ ಇಲ್ಲ. ದಿನಾ ಹೆದ್ದಾರಿಯಲ್ಲಿ ಓಡಾಡುವವರು ಹೊಸದನ್ನೇ ಕೊಳ್ಳಲಿ. ಊರೊಳಗೆ ಮಾರ್ಕೆಟ್ಟು, ಸ್ಟೇಷನ್ನು ಎಂದು ತಿರುಗುವವರ ಮಾತು ನನ್ನದು.

ಅಂಥವರು ನೋಡಲು ಹೋದಾಗ ಪಾಲಿಶ್ಶು, ಸೀಟ್ ಕವರಿಗೆ ಮರುಳಾಗಬಾರದು. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೇ ಹೋಗಿ ಕೀ ತಿರುಗಿಸಿ. ಸ್ಟಾರ್ಟ್ ಮಾಡುವ ಮೊದಲೇ ಫ್ಯಾನು ಗಿರ್ರೆಂದರೆ, ಇನ್ನೂ ಏನೇನು ಡೈರೆಕ್ಟ್ ಮಾಡಿಸಿದ್ದೀರಿ ಎಂದು ಕೇಳಿ, ಆಮೇಲೆ ರೇಟಿನ ಮಾತಾಡಿ.