ದರೋಡೆಕೋರರ ಬಾಯಲ್ಲಿ ರಾಗ: ರವೀಂದ್ರರ 'ವಾಲ್ಮೀಕಿ ಪ್ರತಿಭಾ'

1881ರ ಫೆಬ್ರವರಿ 26ರಂದು ಕೋಲ್ಕತ್ತದ ಜೋಡಾಸಾಂಕೋ ಠಾಕೂರ್ ಮನೆಯಲ್ಲಿ ಗೀತನಾಟಕ 'ವಾಲ್ಮೀಕಿ ಪ್ರತಿಭಾ' ರಂಗವೇರಿತು. ದರೋಡೆಕೋರರ ನಾಯಕ ಕವಿಯಾಗುವ ಕಥೆ; ಹತ್ತೊಂಬತ್ತರ ರವೀಂದ್ರನಾಥರೇ ವಾಲ್ಮೀಕಿ. ಅಣ್ಣ ಹೇಮೇಂದ್ರನಾಥರ ಮಗಳು ಪ್ರತಿಭಾ, ಸರಸ್ವತಿಯ ಪಾತ್ರದಲ್ಲಿ. ನೋಡಲು ಬಂದವರಲ್ಲಿ ಕಾದಂಬರಿಕಾರ ಬಂಕಿಮಚಂದ್ರರೂ ಇದ್ದರು.

ಮಾತೇ ಸ್ವರವಾಗುವ ಇಂಥ ನಾಟಕದ ಕನಸು ಹಳೆಯದು. ಇದಕ್ಕೆ ಮುನ್ನೂರು ವರ್ಷ ಹಿಂದೆ, 1581ರಲ್ಲಿ, ಫ್ಲಾರೆನ್ಸ್‌ನ ವಿನ್ಸೆಂಜೊ ಗೆಲಿಲಿ (ವಿಜ್ಞಾನಿ ಗೆಲಿಲಿಯೋನ ತಂದೆ) ಒಂದು ಗ್ರಂಥ ಪ್ರಕಟಿಸಿದ್ದ. ಹಲವು ದನಿಗಳು ಹೆಣೆದುಕೊಂಡು ಮಾತನ್ನೇ ನುಂಗುವ ಸಂಗೀತ ಅವನಿಗೆ ಸಹಿಸಲಾಗಲಿಲ್ಲ. ನಾಟಕದಲ್ಲಿ ಒಡೆಯ ಆಳಿನೊಡನೆ ಹೇಗೆ ದನಿ ಎತ್ತುತ್ತಾನೆ, ಅದನ್ನು ಕೇಳಿ ಕಲಿಯಿರಿ ಎಂದ. ಬರೋಕ್ ಆಪೆರಾದ ಬೇರು ಈ ಹಟದಲ್ಲಿದೆ: ಒಂಟಿ ದನಿ, ಅದರಡಿ ಮಂದ್ರದಲ್ಲಿ ಬಿಡದೆ ಸಾಗುವ ಪಕ್ಕವಾದ್ಯ, ಮಾತಿನ ಏರಿಳಿತವನ್ನೇ ಹಿಡಿದು ನಡೆಯುವ ರೆಸಿಟೇಟಿವ್. 1607ರಲ್ಲಿ ಮಾಂಟೆವರ್ಡಿಯ 'ಓರ್ಫಿಯೊ' ಇದನ್ನು ಎತ್ತರಕ್ಕೊಯ್ದಿತು. ಮುಂದೆ ಹ್ಯಾಂಡೆಲ್‌ನ ಕಾಲಕ್ಕೆ ಗಾಯಕರ ಕಸರತ್ತೇ ದೊಡ್ಡದಾಯಿತು.

ರವೀಂದ್ರರಿಗೆ ದಾರಿ ತೋರಿದ್ದು ಹರ್ಬರ್ಟ್ ಸ್ಪೆನ್ಸರನ ಪ್ರಬಂಧ: ಭಾವ ಉಕ್ಕಿದಾಗ ಮಾತಿಗೆ ತಾನಾಗಿ ಸ್ವರ ಹತ್ತುತ್ತದೆ. ನಮ್ಮ ಹರಿಕಥೆಯ ದಾಸರು ವಚನದಿಂದ ಹಾಡಿಗೆ ಜಾರುವಂತೆ, ಬಂಗಾಳದ ಕಥಕತೆಯಲ್ಲೂ ಆ ಜಾರುವಿಕೆ ಇತ್ತು. ಅಣ್ಣ ಜ್ಯೋತಿರಿಂದ್ರನಾಥರು ಪಿಯಾನೋದ ಮುಂದೆ ಕೂತು ಗಂಭೀರ ರಾಗಗಳನ್ನು ಎಳೆದಾಡಿ ಹೊಸ ನಡಿಗೆ ಕಲಿಸುತ್ತಿದ್ದರು. ದರೋಡೆಕೋರರ ಅಮಲಿನ ಹಾಡುಗಳಿಗೆ ಇಂಗ್ಲಿಷ್ ಧಾಟಿ, ವನದೇವಿಯರ ಅಳಲಿಗೆ ಐರಿಷ್ ಧಾಟಿ. ಎರವಲೆಂದು ಇದನ್ನು ತಳ್ಳಿಹಾಕುವುದು ಅನ್ಯಾಯ. ಬಲಿಗೆಂದು ಹಿಡಿದು ತಂದ ಬಾಲೆಯ ಮುಂದೆ ಆ ಗುಂಪು ಕುಣಿದು ಕೂಗುವಾಗ ಸ್ವರ ಅಲಂಕಾರವಲ್ಲ, ಅವರ ಒರಟುತನವೇ. ಅದೇ ಬಾಲೆಗಾಗಿ ನಾಯಕ ವಾಲ್ಮೀಕಿಯ ದನಿ ಮೆತ್ತಗಾದಾಗ ರಾಗವೂ ಬಾಗುತ್ತದೆ. ಕೃತಿಯ ಜೀವ ಇಲ್ಲಿದೆ.

ಕೊರತೆಯೂ ಇದೆ. ಕ್ರೌಂಚವಧೆಯ ನಂತರ ಶ್ಲೋಕ ಹೊಮ್ಮುವ ಗಳಿಗೆ ತೀರ ಬೇಗ ಮುಗಿಯುತ್ತದೆ. ಲಕ್ಷ್ಮಿ ಬಂದು ಸಂಪತ್ತಿನ ಆಸೆ ತೋರುವ ಭಾಗ ಉಪದೇಶದಂತಿದೆ. ಮಾಂಟೆವರ್ಡಿಯ ಕೃತಿಯಲ್ಲಿ ಓರ್ಫಿಯೊ ತನ್ನ ಹಾಡಿನಿಂದ ಪಾತಾಳದ ಅಂಬಿಗನನ್ನು ಒಲಿಸಲು ಹೆಣಗುವ ದೃಶ್ಯಕ್ಕಿರುವ ಬಿಗಿ ಇಲ್ಲಿಲ್ಲ.

ಇದು ಯುರೋಪಿನ ಆಪೆರಾ ಅಲ್ಲ, ಸ್ವರದಲ್ಲಿ ಆಡುವ ನಾಟಕ ಎಂದು ರವೀಂದ್ರರೇ 'ಜೀವನಸ್ಮೃತಿ'ಯಲ್ಲಿ ಹೇಳಿಕೊಂಡಿದ್ದಾರೆ. ಆದರೆ ಫ್ಲಾರೆನ್ಸಿನ ಗೆಲಿಲಿಯಂಥವರು ಮೊದಲು ಬಯಸಿದ್ದೂ ಅದನ್ನೇ. ಈ ಕೃತಿಯನ್ನು ರವೀಂದ್ರಗೀತೆಗಳ ಮಾಲೆಯೆಂದು ಒಂದೊಂದೇ ಹಾಡು ಬಿಡಿಸಿ ಹಾಡಿದರೆ ಅದು ಸಾಯುತ್ತದೆ. ಕನ್ನಡದ ರಂಗತಂಡಗಳು ಇದನ್ನು ಎತ್ತಿಕೊಳ್ಳಲಿ. ಒಳ್ಳೆಯ ಕಂಠಕ್ಕಿಂತ ಮೊದಲು, ಮಾತು ಬಲ್ಲ ನಟರನ್ನು ಹುಡುಕಲಿ.