‘ಕೊಡುಗೆ: ರಾಮಣ್ಣ ರೈ’ — ಒಂದು ಚಿತ್ರದಲ್ಲಿ ಶ್ರದ್ಧೆ, ಸಂದೇಹ ಮತ್ತು ಭರವಸೆ

ಸಾಹಿತ್ಯ ಸಂಶೋಧನೆಗೆ ಮೀಸಲಾದ ಈ ಸಂಚಿಕೆಯಲ್ಲಿ ಒಂದು ಚಲನಚಿತ್ರದ ವಿಮರ್ಶೆಗೆ ಎಡೆಯುಂಟೇ ಎಂದು ಕೆಲವು ಹಿರಿಯರು ಕೇಳಬಹುದು. ಬಯಲಾಟ, ಸಣ್ಣಾಟಗಳನ್ನು ನಾವು ಸಾಹಿತ್ಯವೆಂದು ಓದುತ್ತೇವೆ, ಅವುಗಳ ಮೇಲೆ ಪ್ರಬಂಧ ಬರೆಯುತ್ತೇವೆ. ಜನರನ್ನು ಒಟ್ಟಿಗೆ ಕೂಡಿಸಿ ನಗಿಸಿ ಅಳಿಸುವ ಕಲೆ ಇಂದು ಚಿತ್ರಪಟವೇ ಆಗಿರುವಾಗ ಅದನ್ನು ಹೊರಗಿಡುವುದು ಉಚಿತವಲ್ಲ. ಅದರಲ್ಲಿಯೂ ಪ್ರಕೃತ ಚಿತ್ರವು ಗಡಿನಾಡಿನ ಕನ್ನಡ ಶಾಲೆಯೊಂದರ ಕಥೆ. ನಮ್ಮಂಥ ಉಪಾಧ್ಯಾಯರು ಅದನ್ನು ನೋಡದೆ ಇರಲಾಗದು, ನೋಡಿದ ಮೇಲೆ ಸುಮ್ಮನಿರಲೂ ಆಗದು.

ಚಿತ್ರದ ಹೆಸರು ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’. 2018ರ ಆಗಸ್ಟಿನಲ್ಲಿ ತೆರೆಗೆ ಬಂದ ಇದರ ನಿರ್ದೇಶಕರು ರಿಷಬ್ ಶೆಟ್ಟಿ, ಸಂಗೀತ ವಾಸುಕಿ ವೈಭವ್ ಅವರದು. 66ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಇದು ಅತ್ಯುತ್ತಮ ಮಕ್ಕಳ ಚಿತ್ರವೆಂದು ಆಯ್ಕೆಯಾಯಿತು. ಮಕ್ಕಳ ಚಿತ್ರವೆಂಬ ಮಾತು ನಿಜ. ಆದರೆ ಅದು ಕೇಳುವ ಪ್ರಶ್ನೆ ದೊಡ್ಡವರದು.

ಮೊದಲು ಹೆಸರನ್ನೇ ವಿಚಾರಿಸೋಣ. ಇದು ಕಥೆಯ ಹೆಸರಲ್ಲ, ಶಾಲೆಯ ಗೋಡೆಯ ಮೇಲಿನ ಬರಹ. ಇಂಥ ಬರಹ ನಮಗೆಲ್ಲ ಚಿರಪರಿಚಿತ. ತರಗತಿಯ ಫ್ಯಾನಿನ ಮೇಲೆ, ಕಪಾಟಿನ ಬಾಗಿಲ ಮೇಲೆ, ನೀರಿನ ಟಾಕಿಯ ಮೇಲೆ ‘ಇಂಥವರ ಸ್ಮರಣಾರ್ಥ’, ‘ಇಂಥವರ ಕೊಡುಗೆ’ ಎಂದು ಬಣ್ಣದಲ್ಲಿ ಬರೆದಿರುತ್ತದೆ. ಶಾಲೆ ಸರಕಾರದ್ದು, ಆದರೆ ಕೊಡುಗೆ ಊರವನದು. ಸರಕಾರವು ಶಾಲೆಯನ್ನು ತೆರೆಯುವುದು ಒಂದು ಆದೇಶದಿಂದ, ಮುಚ್ಚುವುದೂ ಒಂದು ಆದೇಶದಿಂದ. ಊರವನು ಕೊಡುವುದು ಮಾತ್ರ ಶ್ರದ್ಧೆಯಿಂದ. ಚಿತ್ರದ ಹೆಸರಿನೊಳಗೇ ಈ ಎರಡು ಶಕ್ತಿಗಳು ಜೊತೆಗೆ ನಿಂತಿವೆ. ಇದನ್ನು ವಾಚಕರು ನೆನಪಿನಲ್ಲಿಡಬೇಕು. ನಮ್ಮ ವಿಮರ್ಶೆ ಕೊನೆಗೆ ಇಲ್ಲಿಗೇ ಮರಳಿ ಬರುತ್ತದೆ.

ಕಥೆ ಸರಳವಾಗಿದೆ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ ಒಂದು ಕನ್ನಡ ಮಾಧ್ಯಮದ ಸರಕಾರಿ ಶಾಲೆ. ಅಲ್ಲಿ ಪ್ರವೀಣನೆಂಬ ಹುಡುಗ, ಅವನ ಗೆಳೆಯರು, ಅವನ ಎಳೆಯ ಮನಸ್ಸು ಮೆಚ್ಚಿದ ಪಲ್ಲವಿ. ಗೆಳೆಯರಲ್ಲೊಬ್ಬನ ಹೆಸರು ಮಮ್ಮುಟ್ಟಿ! ಕನ್ನಡ ಶಾಲೆಯ ಹುಡುಗನಿಗೆ ಮಲಯಾಳ ಚಿತ್ರನಟನ ಹೆಸರು. ಗಡಿಯ ಬದುಕೇ ಹೀಗೆ ಎಂಬುದನ್ನು ಈ ಒಂದು ಹೆಸರು ಹೇಳಿಬಿಡುತ್ತದೆ. ಇಂಥ ಶಾಲೆಗೆ ಕನ್ನಡ ಬಾರದ ಮಲಯಾಳಿ ಶಿಕ್ಷಕನನ್ನು ಕಳಿಸುತ್ತಾರೆ. ಮುಂದೆ ಶಾಲೆಯೇ ಮುಚ್ಚುವ ಪ್ರಸಂಗ ಬರುತ್ತದೆ. ಮಕ್ಕಳ ಕಡೆಯವರು ಮೈಸೂರಿಗೆ ಹೋಗಿ ಅನಂತಪದ್ಮನಾಭರೆಂಬ ಹಿರಿಯರನ್ನು ಕರೆತರುತ್ತಾರೆ. ಅನಂತನಾಗ್ ಅವರು ಅಭಿನಯಿಸಿದ ಈ ಪಾತ್ರವು ನ್ಯಾಯಾಲಯದಲ್ಲಿ ಶಾಲೆಯ ಪರವಾಗಿ ವಾದಿಸುತ್ತದೆ, ಶಾಲೆ ಉಳಿಯುತ್ತದೆ.

ಚಿತ್ರದ ಮೊದಲ ಗುಣ ಅದರ ಹಾಸ್ಯ. ಈ ಹಾಸ್ಯ ಯಾರನ್ನೂ ಕುಟುಕುವುದಿಲ್ಲ. ಮುಖ್ಯಾಧ್ಯಾಪಕ ಶಂಕರಭಟ್ಟರ ಪಾತ್ರದಲ್ಲಿ ಪ್ರಮೋದ್ ಶೆಟ್ಟಿ, ಭುಜಂಗನ ಪಾತ್ರದಲ್ಲಿ ಪ್ರಕಾಶ್ ತೂಮಿನಾಡು ನಗಿಸುತ್ತಲೇ ನಮ್ಮ ಪ್ರೀತಿಯನ್ನು ಗಳಿಸುತ್ತಾರೆ. ಹಾಸ್ಯವು ಕರುಣಕ್ಕೆ ದಾರಿ ಮಾಡಿಕೊಡಬೇಕೆಂಬುದನ್ನು ಕನ್ನಡಿಗರಿಗೆ ಕೈಲಾಸಂ ತೋರಿಸಿಕೊಟ್ಟರು. ಅವರ ‘ಟೊಳ್ಳುಗಟ್ಟಿ’ ಓದುಬರಹವನ್ನು ಅಳೆಯುವ ನಮ್ಮ ಮಾಪನವನ್ನೇ ನಗುನಗುತ್ತ ಪರೀಕ್ಷಿಸಿತು. ಪ್ರವೀಣನೂ ಓದಿನಲ್ಲಿ ಹಿಂದಿರುವ ಹುಡುಗನೇ. ಶಾರದೆಯನ್ನು ಕರೆದು ಬೇಡಿಕೊಳ್ಳುವ ಹಾಡೊಂದು ಚಿತ್ರದಲ್ಲಿದೆ. ಅದನ್ನು ಕೇಳುವಾಗ, ನಮ್ಮ ಕೈಯಿಂದ ‘ದಡ್ಡ’ ಎನಿಸಿಕೊಂಡ ಎಷ್ಟೋ ಮಕ್ಕಳ ಮುಖಗಳು ನಮ್ಮ ಕಣ್ಣ ಮುಂದೆ ಬಂದುವು.

ಇಲ್ಲಿ ಶ್ರದ್ಧೆ ಎಂಬುದು ಮಕ್ಕಳದು. ಅವರಿಗೆ ಭಾಷೆಯ ವಾದ ಗೊತ್ತಿಲ್ಲ, 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗವೂ ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ತಮ್ಮ ಶಾಲೆ, ತಮ್ಮ ಗಂಟೆ, ತಮ್ಮ ಬೆಂಚು. ನಮ್ಮ ಜತ್ತ ತಾಲೂಕಿನ ಗುಡ್ಡಾಪುರದ ದಾನಮ್ಮನ ಗುಡಿಗೆ ಗಡಿಯಾಚೆಯಿಂದ ಬರಿಗಾಲಿನಲ್ಲಿ ನಡೆದು ಬರುವ ಭಕ್ತರು ಯಾವ ರಾಜ್ಯದ ನೆಲವೆಂದು ಕೇಳುವುದಿಲ್ಲ. ಮಕ್ಕಳ ಶ್ರದ್ಧೆಯೂ ಆ ಜಾತಿಯದು. ನಿರ್ದೇಶಕರು ಅದನ್ನು ಭಾಷಣವಾಗಿಸದೆ ಆಟವಾಗಿಯೇ ಉಳಿಸಿದ್ದು ಶ್ಲಾಘ್ಯ.

ಇನ್ನು ಸಂದೇಹ. ಚಿತ್ರದಲ್ಲಿ ಶಾಲೆಗೆ ಕೇಡು ಬರುವುದು ಹೊರಗಿನಿಂದ: ಕನ್ನಡ ಬಾರದ ಶಿಕ್ಷಕನಿಂದ, ಮುಚ್ಚಲು ಹೊರಟ ಅಧಿಕಾರಿಯಿಂದ. ಇದು ಕಲ್ಪನೆಯಲ್ಲ. ಕಾಸರಗೋಡಿನಲ್ಲಿ ಇಂಥ ನೇಮಕಾತಿಗಳ ವಿರುದ್ಧ ಮಕ್ಕಳೂ ಪಾಲಕರೂ ನಿಜವಾಗಿ ಪ್ರತಿಭಟಿಸಿದ್ದಾರೆ. ನಮ್ಮ ಜತ್ತ ತಾಲೂಕಿನ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದ ವಿಷಯವೂ 2024ರಲ್ಲಿ ಪತ್ರಿಕೆಗಳಲ್ಲಿ ಚರ್ಚೆಯಾಯಿತು. ಒಂದನೆಯ ಇಯತ್ತೆಯ ಮಗುವಿಗೆ ತನ್ನ ಗುರುವಿನ ಮಾತು ತಿಳಿಯದಿದ್ದರೆ ಅದು ಭಾಷಾಭಿಮಾನದ ಪ್ರಶ್ನೆಯಲ್ಲ, ಶಿಕ್ಷಣದ ಮೊದಲ ಪಾಠದ ಪ್ರಶ್ನೆ. ಆದರೆ ಆ ಶಿಕ್ಷಕನ ಕಷ್ಟವನ್ನೂ ನಾವು ಕಾಣಬೇಕು. ಹೊಟ್ಟೆಪಾಡಿಗಾಗಿ ಆದೇಶ ಹಿಡಿದು ಬಂದವನು ಅವನು. ಅವನನ್ನು ಕಂಡು ನಗುವುದು ಸುಲಭ, ಅಧಿಕಾರಿಯನ್ನು ಖಳನನ್ನಾಗಿಸುವುದು ಇನ್ನೂ ಸುಲಭ. ಚಿತ್ರವು ಈ ಸುಲಭದ ದಾರಿಯನ್ನು ಒಮ್ಮೊಮ್ಮೆ ಹಿಡಿದಿದೆಯೆಂದು ವಿನಯದಿಂದ ಹೇಳಬೇಕಾಗಿದೆ. 2023ರಲ್ಲಿ ಮಹಾರಾಷ್ಟ್ರದಲ್ಲಿ 20ಕ್ಕಿಂತ ಕಡಿಮೆ ಪಟಸಂಖ್ಯೆಯ ಶಾಲೆಗಳನ್ನು ಕೂಡಿಸಿ ‘ಸಮೂಹ ಶಾಲೆ’ ಮಾಡುವ ವಿಚಾರ ಹೊರಟಾಗ ಅದರ ಬಿಸಿ ಮರಾಠಿ ಶಾಲೆಗಳಿಗೂ ತಟ್ಟಿತು. ಭಾಷೆ ರಾಜ್ಯದ್ದಾಗಿದ್ದರೂ ಸಣ್ಣ ಊರಿನ ಶಾಲೆಗೆ ರಕ್ಷಣೆ ಇಲ್ಲವೆಂದ ಮೇಲೆ, ರೋಗದ ಬೇರು ಬೇರೆಲ್ಲೋ ಇರಬೇಕು.

ಆ ಬೇರು ಎಲ್ಲಿದೆ? ನಮ್ಮ ಅನುಭವವನ್ನು ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ಜೂನ್ ತಿಂಗಳಲ್ಲಿ ಪಾಲಕರೊಬ್ಬರು ಮಗನ ದಾಖಲಾ ಕೇಳಲು ನಮ್ಮಲ್ಲಿಗೆ ಬಂದರು. ದೀಪಾವಳಿಯ ನಂತರ ಕಬ್ಬು ಕಡಿಯಲು ಗಂಡಹೆಂಡಿರು ಹೊರಡುವ ಮನೆ ಅದು. ಮಗನನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕುವ ಮನಸ್ಸು. ಮಾತೃಭಾಷೆಯ ಮಹತ್ವವನ್ನು ನಾವು ತಿಳಿಸಿ ಹೇಳಿದೆವು. ಅವರು ಸಾವಧಾನವಾಗಿ ಕೇಳಿ, “ಖರೇ ಐತ್ರಿ ಸರ್ರ. ಆದ್ರ ಕನ್ನಡದಾಗ ಕಲ್ತು ಈ ಕಡೆ ನೌಕರಿ ಕೇಳಿದ್ರ ಮರಾಠಿ ಬರ್ತೈತೇನ ಅಂತಾರ. ಆ ಕಡೆ ಹೋದ್ರ ನೀ ಮಹಾರಾಷ್ಟ್ರದಾವ ಅಂತಾರ. ನನ್ನ ಮಗಾ ಎಲ್ಲಿಗ್ಹೋಗಬೇಕ್ರಿ?” ಎಂದರು. ನಾವು ಉತ್ತರ ಹುಡುಕುತ್ತಿರುವಾಗ ಅವರೇ ಮೆಲ್ಲಗೆ, “ನಿಮ್ಮ ಮಗಳು ಎಲ್ಲಿ ಕಲ್ತಾಳ್ರಿ ಸರ್ರ?” ಎಂದು ಕೇಳಿದರು. ಆ ಕೇಳುವಿಕೆಯಲ್ಲಿ ವ್ಯಂಗ್ಯವಿರಲಿಲ್ಲ. ನಮ್ಮ ಮಗಳು ಐದನೆಯ ಇಯತ್ತೆಯಿಂದ ಪಟ್ಟಣದಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತವಳು. ನಾವು ದಾಖಲೆಗೆ ಸಹಿ ಮಾಡಿ ಕೊಟ್ಟೆವು.

ಈ ಪಾಲಕರ ಸಂದೇಹಕ್ಕೆ ಚಿತ್ರದಲ್ಲಿ ತಕ್ಕ ಉತ್ತರವಿಲ್ಲ. ನ್ಯಾಯಾಲಯದ ದೃಶ್ಯ ಪರಿಣಾಮಕಾರಿಯಾಗಿದೆ, ಅನಂತನಾಗ್ ಅವರ ವಾಕ್ಯೋಚ್ಚಾರಣೆಯಲ್ಲಿ ಅನುಭವದ ತೂಕವಿದೆ. ಕಾಯಿದೆಯ ಬಲವನ್ನು ನಾವು ಕಡೆಗಣಿಸುವುದಿಲ್ಲ. ಸಂವಿಧಾನಕ್ಕೆ 1956ರ 7ನೆಯ ತಿದ್ದುಪಡಿಯಿಂದ ಸೇರಿದ 350-ಅ ಅನುಚ್ಛೇದವು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಸ್ಥಾನಿಕ ಸಂಸ್ಥೆಯೂ ಪ್ರಯತ್ನಿಸಬೇಕೆಂದು ಹೇಳುತ್ತದೆ. ಸಾಂಗಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳು ನಡೆದಿರುವುದೂ, ಬಾಲಭಾರತಿಯು ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕುವುದೂ ಈ ಭಾವನೆಗೆ ಹೊಂದಿದ ಕಾರ್ಯಗಳೇ. ಆದರೆ ಕಾಯಿದೆಯ ಮಾತು ‘ಪ್ರಯತ್ನ’ ಎಂಬುದು. ನ್ಯಾಯಾಲಯವು ಬಾಗಿಲ ಬೀಗವನ್ನು ತೆಗೆಸಬಲ್ಲದು. ಬಾಗಿಲೊಳಗೆ ಮಗುವನ್ನು ಕಳಿಸುವಂತೆ ತಂದೆಗೆ ಆಜ್ಞೆ ಮಾಡಲಾರದು. ಚಿತ್ರ ಮುಗಿಯುವುದು ಶಾಲೆಯ ಗೆಲುವಿನಲ್ಲಿ. ನಮ್ಮ ಕಷ್ಟ ಶುರುವಾಗುವುದು ಅದರ ಮರುವರ್ಷದ ಜೂನಿನಲ್ಲಿ, ಹಜೇರಿ ಪುಸ್ತಕದ ಹೊಸ ಪುಟದಲ್ಲಿ.

ಒಂದು ಶನಿವಾರ ಮುಂಜಾನೆ ಶಾಲೆ ಮುಗಿದ ಮೇಲೆ ನಾವು ಈ ಚಿತ್ರವನ್ನು ನಮ್ಮ ಮಕ್ಕಳಿಗೆ ತೋರಿಸಿದೆವು. ಕಾಸರಗೋಡಿನ ಕನ್ನಡದ ಧಾಟಿ ಮೊದಲು ಅವರಿಗೆ ವಿಚಿತ್ರವೆನಿಸಿತು. ಅರ್ಧ ಗಂಟೆಯಲ್ಲಿ ಹೊಂದಿಕೊಂಡು ಬಿದ್ದು ಬಿದ್ದು ನಕ್ಕರು, ನ್ಯಾಯಾಲಯದ ದೃಶ್ಯಕ್ಕೆ ಚಪ್ಪಾಳೆ ತಟ್ಟಿದರು. ಹೊರಡುವಾಗ ಎಂಟನೆಯ ಇಯತ್ತೆಯ ಹುಡುಗನೊಬ್ಬ ಹಿಂದೆ ಉಳಿದು, “ಸರ್ರ, ನಮ್ಮ ಸಾಲಿಗೂ ಅಂಥಾ ಅಜ್ಜಾರು ಯಾರರೇ ಬರ್ತಾರೇನ್ರಿ?” ಎಂದು ಕೇಳಿದ. ‘ಬರ್ತಾರೆ’ ಎನ್ನುವುದು ಸುಳ್ಳಾಗುತ್ತಿತ್ತು, ‘ಬರೂದಿಲ್ಲ’ ಎನ್ನುವುದು ಕ್ರೂರವಾಗುತ್ತಿತ್ತು. “ನೀ ನಾಳೆ ತಪ್ಪದ ಬಾ” ಎಂದೆವು. ಮರುದಿನ ರವಿವಾರವೆಂದು ನೆನಪಾದದ್ದು ಅವನು ನಕ್ಕಾಗಲೇ.

ಆ ಹುಡುಗನ ಪ್ರಶ್ನೆಯೇ ಚಿತ್ರದ ದೌರ್ಬಲ್ಯವನ್ನು ನಮಗೆ ತೋರಿಸಿತು. ಚಿತ್ರದ ಭರವಸೆ ಹೊರಗಿನಿಂದ ಬರುವ ಒಬ್ಬ ಮಹನೀಯರ ಮೇಲೆ ನಿಂತಿದೆ. ಗಡಿನಾಡಿನ ಕನ್ನಡಿಗರಾದ ನಾವು 1956ರಿಂದ ಹೀಗೆಯೇ ದಾರಿ ಕಾಯುತ್ತಿದ್ದೇವೆ: ಒಂದು ಆಯೋಗ, ಒಂದು ತೀರ್ಪು, ಬೆಂಗಳೂರಿನಿಂದಲೋ ಮುಂಬಯಿಯಿಂದಲೋ ಬರುವ ಒಬ್ಬ ನಾಯಕ. ಮಹಾಜನ ಆಯೋಗವು ಕಾಸರಗೋಡಿನ ಉತ್ತರ ಭಾಗವನ್ನೂ ನಮ್ಮ ಜತ್ತದ ಕೆಲವು ಹಳ್ಳಿಗಳನ್ನೂ ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಲು ಸೂಚಿಸಿತ್ತು. ಆ ವರದಿ ಜಾರಿಯಾಗಲಿಲ್ಲ. ಹೀಗೆ ದಾರಿ ಕಾಯುವುದು ಭರವಸೆಯಂತೆ ಕಾಣುತ್ತದೆ. ಕಾಯುತ್ತ ಕುಳಿತವನ ಕೈ ಖಾಲಿಯಿರುವುದರಿಂದ ಅದು ನಿಧಾನವಾಗಿ ಸಂದೇಹವೇ ಆಗಿಬಿಡುತ್ತದೆ.

ಹಾಗಾದರೆ ಭರವಸೆ ಎಲ್ಲಿದೆ? ಚಿತ್ರದ ಹೆಸರಿನಲ್ಲಿಯೇ ಇದೆ. ಅಲ್ಲಿ ಬರೆದಿರುವುದು ಬಿಡಿಸಲು ಬಂದವರ ಹೆಸರಲ್ಲ, ಕೊಟ್ಟವನ ಹೆಸರು. ಕಥೆಯ ಭಾರವನ್ನು ಅನಂತಪದ್ಮನಾಭರು ಹೊತ್ತರೂ ಗೋಡೆಯ ಮೇಲೆ ಉಳಿದವನು ರಾಮಣ್ಣ ರೈ. ಕಥೆಗಿಂತ ಹೆಸರು ಆಳವಾಗಿದೆ ಎಂಬುದು ನಮ್ಮ ಅಭಿಪ್ರಾಯ. ಕಾಸರಗೋಡಿನ ನೆಲದಲ್ಲಿಯೇ ಇದಕ್ಕೆ ದೊಡ್ಡ ನಿದರ್ಶನವುಂಟು. ಕವಿ ಕಯ್ಯಾರ ಕಿಞ್ಞಣ್ಣ ರೈ (1915–2015) ಅವರು ಏಕೀಕರಣದ ಹೋರಾಟದಲ್ಲಿ ನಿಂತವರು, ಕಾಸರಗೋಡು ಕನ್ನಡನಾಡಿಗೆ ಸೇರಲೆಂದು ಕೊನೆಯವರೆಗೆ ಬಯಸಿದವರು. ಆ ಬಯಕೆ ಅವರ ನೂರು ವರ್ಷದ ಬಾಳಿನಲ್ಲಿ ಕೈಗೂಡಲಿಲ್ಲ. ಆದರೆ ಅದು ಕೈಗೂಡಿದ ಮೇಲೆ ಪಾಠ ಮಾಡುವೆನೆಂದು ಅವರು ಕಾಯಲಿಲ್ಲ. ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ ಅಧ್ಯಾಪಕರಾಗಿ ದುಡಿದರು. ಅವರ ಬೇಡಿಕೆ ಈಡೇರದೆ ಉಳಿಯಿತು, ಅವರು ಕೊಟ್ಟದ್ದು ಅವರ ವಿದ್ಯಾರ್ಥಿಗಳಲ್ಲಿ ಉಳಿಯಿತು.

ಇಷ್ಟು ಹೇಳಿದ ಮೇಲೆ, ಉಪಾಧ್ಯಾಯರಾದ ನಮ್ಮ ಕೊಡುಗೆ ಏನೆಂದು ಕೇಳಿಕೊಳ್ಳಬೇಕು. ಫ್ಯಾನು, ಕಪಾಟು ಕೊಡುವವರು ಊರಲ್ಲಿ ಇನ್ನೂ ಇದ್ದಾರೆ. ಕನ್ನಡ ಶಾಲೆ ಇಂದು ನಮ್ಮಿಂದ ಬೇಡುವ ಕೊಡುಗೆ ಬೇರೆ: ನಮ್ಮ ಮಕ್ಕಳು, ಮೊಮ್ಮಕ್ಕಳು. ಅದರೊಂದಿಗೆ, ಕನ್ನಡದಲ್ಲಿ ಕಲಿತ ಮಗು ಮರಾಠಿಯನ್ನೂ ಇಂಗ್ಲಿಷನ್ನೂ ಅಂಜದೆ ಬಳಸುವಂತೆ ಕಲಿಸುವ ದುಡಿಮೆ. ಆ ಪಾಲಕರ ಪ್ರಶ್ನೆಗೆ ಮಾತಿನ ಉತ್ತರವಿಲ್ಲ, ಇದೊಂದೇ ಉತ್ತರ. ಅದನ್ನು ಕೊಡುವ ಸಮಯ ಬಂದಾಗ ನಾವು ಕೊಡಲಿಲ್ಲ ಎಂಬುದನ್ನು ಮೇಲೆಯೇ ಒಪ್ಪಿಕೊಂಡಿದ್ದೇವೆ.

ಚಿತ್ರವನ್ನು ನೋಡದ ಸಹೋದ್ಯೋಗಿಗಳು ತಪ್ಪದೆ ನೋಡಬೇಕು. ಮಕ್ಕಳಿಗೆ ತೋರಿಸಬೇಕು, ಅವರು ನಗುವಾಗ ಜೊತೆಗೆ ನಗಬೇಕು. ಕೊನೆಗೊಂದು ಸೂಚನೆ. ಗಡಿಭಾಗದ ಶಾಸನಗಳನ್ನು, ಜನಪದ ಹಾಡುಗಳನ್ನು ಸಂಗ್ರಹಿಸುವ ನಮ್ಮ ಸಂಘವು ಬರುವ ವರ್ಷ ಇನ್ನೊಂದು ಚಿಕ್ಕ ಸಂಶೋಧನೆಯನ್ನು ಕೈಗೊಳ್ಳಲಿ: ಸಂಘದ ಸದಸ್ಯರಾದ ನಮ್ಮಲ್ಲಿ ಎಷ್ಟು ಜನರ ಮಕ್ಕಳು ಕನ್ನಡ ಶಾಲೆಯ ಹಜೇರಿಯಲ್ಲಿದ್ದಾರೆ? ಆ ಪಟ್ಟಿಯಲ್ಲಿ ನಮ್ಮ ಹೆಸರಿನ ಮುಂದೆ ಸೊನ್ನೆಯೆಂದೇ ಬರೆಯಬೇಕಾಗುತ್ತದೆ. ಆದರೂ ಪಟ್ಟಿ ಅಚ್ಚಾಗಲಿ.